ಜಾಲಕ್ಕೊಬ್ಬ ಕಂಟ್ರೋಲರ್

ಗುಂತಕಲ್ಲಿನಿಂದ ರಾಯಚೂರಿನ ಕಡೆಗೆ ಹೊರಟ ರೈಲು ನಂಚರ್ಲ, ಆಸ್ಪರಿ, ಆದವಾನಿ, ಕೋಸಗಿ, ಮಂತ್ರಾಲಯಂ ರೋಡ್ ನಿಲ್ದಾಣಗಳನ್ನು ಹಾದು ತುಂಗಭದ್ರೆಯ ಸೇತುವೆಯನ್ನು ಸೇರುತ್ತದೆ. ನಿಲ್ದಾಣದಲ್ಲಿ ಪಾಯಿಂಟುಗಳನ್ನು ಹೊಂದಿಸಿ, ಸಿಗ್ನಲ್ ಕೊಟ್ಟು ರೈಲನ್ನು ಮುಂದಕ್ಕೆ ಬಿಡುವ ಕೆಲಸ ಸ್ಟೇಷನ್ ಮಾಸ್ಟರರದು. ಆದರೆ ಗೂಡ್ಸ್ ಗಾಡಿಯನ್ನು ಆದವಾನಿಯಲ್ಲಿಯೇ ಪಕ್ಕದ ಹಳಿಗೆ ಸರಿಸಿ ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕೆ, ಅಥವಾ ಅದನ್ನು ಕೋಸಗಿಯವರೆಗೆ ಹೋಗಗೊಡಬೇಕೆ ಎಂಬ ತೀರ್ಮಾನ ಗುಂತಕಲ್ಲಿನ ವಿಭಾಗೀಯ ಕಚೇರಿಯಲ್ಲಿ ಕುಳಿತ ಸೆಕ್ಷನ್ ಕಂಟ್ರೋಲರರದು. ನಿಲ್ದಾಣದವರಿಗೆ ಕಾಣುವುದು ತಮ್ಮ ಎರಡೂ ಬದಿಯ ಹಳಿ. ಕಂಟ್ರೋಲರರ ಮುಂದೆ ಇಡೀ ಮಾರ್ಗದ ಚಿತ್ರವಿರುತ್ತದೆ.

ಕಂಪ್ಯೂಟರ್ ಜಾಲಗಳಲ್ಲಿ ಇಂಥ ಏರ್ಪಾಡು ಬಹುಕಾಲ ಇರಲಿಲ್ಲ. ಬ್ಯಾಂಕಿನ ಶಾಖೆಯಲ್ಲಿಯೋ ಕಾಲೇಜಿನ ಪ್ರಯೋಗಶಾಲೆಯಲ್ಲಿಯೋ ಹಸಿರು ದೀಪಗಳು ಮಿಣುಕುವ ಚಪ್ಪಟೆ ಪೆಟ್ಟಿಗೆಯೊಂದನ್ನು ಎಲ್ಲರೂ ಕಂಡಿರುತ್ತಾರೆ. ಅದರ ಹೆಸರು ಸ್ವಿಚ್. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಳುಹಿಸುವ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಈ ಪೆಟ್ಟಿಗೆಯ ಒಂದು ಕಿಂಡಿಯಿಂದ ಒಳಬಂದು ಮತ್ತೊಂದರಿಂದ ಹೊರಬೀಳುತ್ತದೆ. ಕಟ್ಟನ್ನು ಸಾಗಿಸುವುದು ಒಂದು ಕೆಲಸವಾದರೆ, ಅದು ಯಾವ ಕಿಂಡಿಯಿಂದ ಹೋಗಬೇಕೆಂದು ತೀರ್ಮಾನಿಸುವುದು ಇನ್ನೊಂದು. ಈ ಎರಡನ್ನೂ ಅದೇ ಪೆಟ್ಟಿಗೆಯೇ ಮಾಡುತ್ತಿತ್ತು. ತೀರ್ಮಾನದ ತಂತ್ರಾಂಶವನ್ನು ತಯಾರಕರು ಒಳಗೆ ಮುಚ್ಚಿಟ್ಟು ಮಾರುತ್ತಿದ್ದರು. ಕೊಂಡವರು ಕೊಟ್ಟ ಗುಂಡಿಗಳನ್ನು ಒತ್ತಬಹುದಿತ್ತೇ ಹೊರತು ಒಳಗಿನ ಬುದ್ಧಿಯನ್ನು ಓದುವಂತಿರಲಿಲ್ಲ, ತಿದ್ದುವಂತೆಯೂ ಇರಲಿಲ್ಲ. ನೂರು ಸ್ವಿಚ್ಚುಗಳ ಜಾಲವೆಂದರೆ, ನೂರು ಸ್ಟೇಷನ್ ಮಾಸ್ಟರರು ಕಂಟ್ರೋಲರರಿಲ್ಲದೆ ಪರಸ್ಪರ ಕೇಳಿಕೊಂಡು ರೈಲು ನಡೆಸಿದ ಹಾಗೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಈ ಕಟ್ಟು ಸಡಿಲವಾಯಿತು. ಅಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಕಸಾಡೊ, ಪ್ರಾಧ್ಯಾಪಕ ನಿಕ್ ಮೆಕ್‌ಕ್ಯೋನ್ ಮತ್ತು ಬರ್ಕ್‌ಲಿಯ ಸ್ಕಾಟ್ ಶೆಂಕರ್ ಮೊದಲಾದವರು 2007ರಲ್ಲಿ ‘ಈಥೇನ್’ ಎಂಬ ಜಾಲವನ್ನು ವಿವರಿಸಿದರು. ತೀರ್ಮಾನವನ್ನೆಲ್ಲ ಪೆಟ್ಟಿಗೆಗಳಿಂದ ಹೊರತೆಗೆದು ಒಂದೇ ಕಂಪ್ಯೂಟರಿನಲ್ಲಿ ಇರಿಸುವುದು ಅದರ ತಿರುಳು. ಮರುವರ್ಷ, 2008ರಲ್ಲಿ, ಆ ಕಂಪ್ಯೂಟರ್ ಮತ್ತು ಸ್ವಿಚ್ಚುಗಳ ನಡುವಣ ಸಂಭಾಷಣೆಗೆ ‘ಓಪನ್‌ಫ್ಲೋ’ ಎಂಬ ನಿಯಮಾವಳಿ ಪ್ರಕಟವಾಯಿತು. ಅದೇ ವರ್ಷ ‘ನಾಕ್ಸ್’ ಎಂಬ ಕಂಟ್ರೋಲರ್ ತಂತ್ರಾಂಶವೂ ಬೆಳಕು ಕಂಡಿತು. ತಮ್ಮ ಆವರಣದ ಜಾಲದಲ್ಲಿ ಹೊಸದೊಂದು ವಿಚಾರವನ್ನು ಪರೀಕ್ಷಿಸಿ ನೋಡಲು ಸಂಶೋಧಕರಿಗೇ ದಾರಿಯಿಲ್ಲವೆಂಬುದು ಓಪನ್‌ಫ್ಲೋ ಹುಟ್ಟಿಗೆ ಕೊಟ್ಟ ಕಾರಣ. ವಿದ್ಯಾರ್ಥಿಗಳ ಅನುಕೂಲಕ್ಕೆಂದು ಹೊರಟ ಕೆಲಸವು ಬೇಗನೆ ದೊಡ್ಡ ವ್ಯವಹಾರವೂ ಆಯಿತು. ಇವರೇ ಸ್ಥಾಪಿಸಿದ ನಿಸಿರಾ ಕಂಪೆನಿಯನ್ನು 2012ರಲ್ಲಿ ವಿಎಂವೇರ್ ಸುಮಾರು 126 ಕೋಟಿ ಡಾಲರುಗಳಿಗೆ ಕೊಂಡಿತು. ಖಂಡಖಂಡಗಳ ನಡುವಿನ ತನ್ನ ದತ್ತಕೇಂದ್ರಗಳನ್ನು ಜೋಡಿಸುವ ಜಾಲವನ್ನು ಇದೇ ರೀತಿಯಲ್ಲಿ ನಡೆಸುತ್ತಿರುವುದಾಗಿ ಗೂಗಲ್ 2013ರಲ್ಲಿ ತಿಳಿಸಿತು.

ಈ ಕಥೆ ಆದವಾನಿ, ಆಲೂರು, ಹೊಳಗುಂದಿ, ಕೌತಾಳಂ ಕಡೆಯ ಕನ್ನಡ ಶಾಲೆಯ ಮಕ್ಕಳಿಗೆ ಸಂಬಂಧಿಸುವುದು ಕಂಟ್ರೋಲರುಗಳ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲರಿಗೂ ತೆರೆದಿರುವುದರಿಂದ. ಸಿದ್ಧ ತಂತ್ರಾಂಶಕ್ಕೂ ಮೂಲ ಸಂಕೇತಕ್ಕೂ ಇರುವ ವ್ಯತ್ಯಾಸವನ್ನು ಹತ್ತಿ ಬೆಳೆಯುವ ಮನೆಗಳಿಗೆ ವಿವರಿಸಲು ಹೆಚ್ಚು ಮಾತು ಬೇಡ. ಹೈಬ್ರಿಡ್ ಹತ್ತಿಯ ಬೀಜವನ್ನು ಪ್ರತಿ ಮುಂಗಾರಿಗೂ ಅಂಗಡಿಯಿಂದ ತರಬೇಕು. ಹಳೆಯ ನಾಟಿ ತಳಿಯ ಬೀಜವನ್ನಾದರೆ ಮನೆಯಲ್ಲಿ ತೆಗೆದಿಟ್ಟು, ಆರಿಸಿ, ನೆರೆಯವರಿಗೂ ಕೊಟ್ಟು ಮತ್ತೆ ಬಿತ್ತಬಹುದಿತ್ತು. ಮೂಲ ಸಂಕೇತವಿದ್ದರೆ ತಂತ್ರಾಂಶವನ್ನು ತಾನೇ ಕಟ್ಟಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಇಳುವರಿಯ ಮಾತು ಬೇರೆ. ಅಲ್ಲಿಗೆ ಈ ಹೋಲಿಕೆಯನ್ನು ಎಳೆಯಬಾರದು.

ಹೀಗೆ ತೆರೆದಿರುವ ಕಂಟ್ರೋಲರುಗಳು ಹಲವಿವೆ. ನಾಕ್ಸ್‌ನ ತಮ್ಮನೆನ್ನಬಹುದಾದ ‘ಪಾಕ್ಸ್’ ಪೈಥಾನ್ ಭಾಷೆಯಲ್ಲಿದೆ. ಜಪಾನಿನ ಎನ್‌ಟಿಟಿ ಸಂಸ್ಥೆಯಿಂದ ಬಂದ ‘ರ‍್ಯೂ’ ಸಹ ಪೈಥಾನಿನದೇ. ಜಪಾನೀ ಭಾಷೆಯಲ್ಲಿ ಆ ಹೆಸರಿಗೆ ಹರಿವು ಎಂದು ಅರ್ಥ. ‘ಫ್ಲಡ್‌ಲೈಟ್’, ‘ಓನಾಸ್’, ‘ಓಪನ್‌ಡೇಲೈಟ್’ ಇವು ಜಾವಾ ಭಾಷೆಯವು. ಓಪನ್‌ಡೇಲೈಟ್ ಯೋಜನೆಯನ್ನು ಲಿನಕ್ಸ್ ಫೌಂಡೇಶನ್ 2013ರ ಏಪ್ರಿಲಿನಲ್ಲಿ ಆರಂಭಿಸಿತು. 2014ರ ಫೆಬ್ರವರಿಯಲ್ಲಿ ಮೊದಲ ಬಿಡುಗಡೆ ಹೊರಬಂತು. ಅದರ ಬಿಡುಗಡೆಗಳಿಗೆ ಹೈಡ್ರೋಜನ್, ಹೀಲಿಯಂ, ಲಿಥಿಯಂ ಎಂದು ಆವರ್ತ ಕೋಷ್ಟಕದ ಕ್ರಮದಲ್ಲಿಯೇ ಹೆಸರಿಡುತ್ತಾರೆ. ಅದರ ಕೆಲವು ಭಾಗಗಳನ್ನು ಬರೆದವರು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತ ಎಂಜಿನಿಯರರೇ.

ಮೊದಲ ಬಾರಿಗೆ ಕೈಹಾಕುವವರು ಓಪನ್‌ಡೇಲೈಟಿನಿಂದ ಆರಂಭಿಸಬಾರದು. ಹೆಸರು ದೊಡ್ಡದೆಂದು ಅದನ್ನೇ ಹಿಡಿದು, ವಾರಗಟ್ಟಲೆ ಹೆಣಗಿ, ವಿಷಯವನ್ನೇ ಬಿಟ್ಟುಬಿಡುವ ಅಪಾಯವಿದೆ. ಪಾಕ್ಸ್ ಹಳೆಯದು, ಓಪನ್‌ಫ್ಲೋದ 1.0 ಆವೃತ್ತಿಗೇ ನಿಂತದ್ದು. ಇಂದು ಯಾವ ಕಂಪೆನಿಯೂ ಅದರಿಂದ ತನ್ನ ಜಾಲವನ್ನು ನಡೆಸಲಾರದು. ಆದರೂ ಕಲಿಯಲು ಅದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಅದರ ಒಂದೊಂದು ಕಡತವನ್ನೂ ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು.

ಬೇಕಾದ ಸಾಮಗ್ರಿಯೂ ದುಬಾರಿಯದಲ್ಲ. ಉಬುಂಟುವಿನಂತಹ ಲಿನಕ್ಸ್ ಹಾಕಿದ, 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್ ಸಾಕು. ಸ್ವಿಚ್ಚನ್ನು ಕೊಳ್ಳಬೇಕಾಗಿಲ್ಲ. ಸ್ಟ್ಯಾನ್‌ಫರ್ಡಿನಲ್ಲಿಯೇ ಹುಟ್ಟಿ 2010ರಲ್ಲಿ ಪ್ರಕಟವಾದ ‘ಮಿನಿನೆಟ್’ ಎಂಬ ಉಚಿತ ತಂತ್ರಾಂಶವು ಒಂದೇ ಲ್ಯಾಪ್‌ಟಾಪಿನೊಳಗೆ ಹತ್ತಾರು ಕಂಪ್ಯೂಟರುಗಳನ್ನೂ ಸ್ವಿಚ್ಚುಗಳನ್ನೂ ಉಂಟುಮಾಡುತ್ತದೆ. ಇವು ಕೇವಲ ಚಿತ್ರಗಳಲ್ಲ. ಅದರಲ್ಲಿ ಸ್ವಿಚ್ಚಿನ ಕೆಲಸ ಮಾಡುವ ‘ಓಪನ್ ವಿಸ್ವಿಚ್’ 2012ರಿಂದ ಲಿನಕ್ಸಿನ ತಿರುಳಿನಲ್ಲಿಯೇ ಸೇರಿದ್ದು, ದೊಡ್ಡ ದತ್ತಕೇಂದ್ರಗಳಲ್ಲಿಯೂ ಬಳಕೆಯಲ್ಲಿದೆ.

ಕೆಲಸದ ಕ್ರಮ ಹೀಗಿದೆ. ಲಿನಕ್ಸಿನ ಟರ್ಮಿನಲ್ ಕಿಟಕಿಯಲ್ಲಿ ‘ಗಿಟ್ ಕ್ಲೋನ್’ ಎಂಬ ಆದೇಶದಿಂದ ಪಾಕ್ಸ್‌ನ ಮೂಲ ಸಂಕೇತವನ್ನು ಇಳಿಸಿಕೊಳ್ಳಬೇಕು. ಪೈಥಾನಿನ ಗುಣದಿಂದಾಗಿ ಇಲ್ಲಿ ಪ್ರತ್ಯೇಕವಾಗಿ ಕಟ್ಟುವ ಹಂತವೇ ಇಲ್ಲ. ಬರೆದದ್ದು ಹಾಗೆಯೇ ಓಡುತ್ತದೆ. ಹಳೆಯ ಆವೃತ್ತಿಗಳು ಪೈಥಾನ್ 2.7ಕ್ಕೂ ಈಚಿನವು ಪೈಥಾನ್ 3ಕ್ಕೂ ಹೊಂದುತ್ತವೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಇಳಿಸಿದ ಕಡತಕೋಶದೊಳಗೆ ಹೋಗಿ ‘ಪಾಕ್ಸ್ ಡಾಟ್ ಪಿವೈ’ ಎಂಬ ಕಡತವನ್ನು ‘ಫಾರ್ವರ್ಡಿಂಗ್ ಡಾಟ್ ಎಲ್2 ಅಂಡರ್‌ಸ್ಕೋರ್ ಲರ್ನಿಂಗ್’ ಎಂಬ ಭಾಗದ ಹೆಸರಿನೊಡನೆ ಓಡಿಸಿದರೆ ಕಂಟ್ರೋಲರ್ ಎದ್ದು, ಸ್ವಿಚ್ಚುಗಳ ಕರೆಗಾಗಿ ಕಾಯುತ್ತ ಕೂರುತ್ತದೆ. ಎರಡನೆಯ ಟರ್ಮಿನಲ್ಲಿನಲ್ಲಿ ಮಿನಿನೆಟ್ಟನ್ನು ಆರಂಭಿಸಿ, ಒಂದು ಸ್ವಿಚ್, ಮೂರು ಕಂಪ್ಯೂಟರುಗಳು, ಹೊರಗಿನ ಕಂಟ್ರೋಲರ್ ಎಂದು ತಿಳಿಸಬೇಕು. ಸ್ವಿಚ್ ಕರೆ ಮಾಡಿತೆಂದು ಮೊದಲ ಕಿಟಕಿಯಲ್ಲಿ ಒಂದು ಸಾಲು ಮೂಡುತ್ತದೆ. ಆದೇಶಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಚುಕ್ಕಿ, ಅಡ್ಡಗೆರೆಗಳನ್ನೂ ಬಿಡದೆ ಟೈಪು ಮಾಡಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ಮೊದಲನೆಯ ಕಂಪ್ಯೂಟರಿನಿಂದ ಎರಡನೆಯದಕ್ಕೆ ‘ಪಿಂಗ್’ ಕಳುಹಿಸಬೇಕು. ಪಿಂಗ್ ಎಂದರೆ ‘ಇದ್ದೀಯಾ?’ ಎಂಬ ಕೂಗು. ‘ಇದ್ದೇನೆ’ ಎಂಬ ಉತ್ತರ ಬರಲು ತಗುಲಿದ ಕಾಲ ಪರದೆಯ ಮೇಲೆ ಮೂಡುತ್ತದೆ. ಮೊದಲ ಕೂಗಿಗೆ ಹಲವು ಮಿಲಿಸೆಕೆಂಡುಗಳು ಹಿಡಿದರೆ, ಎರಡನೆಯದರಿಂದ ಮುಂದಕ್ಕೆ ಒಂದು ಮಿಲಿಸೆಕೆಂಡಿಗಿಂತಲೂ ಕಡಮೆ ಕಾಲ ಸಾಕಾಗುತ್ತದೆ. ಇಡೀ ವಿಷಯ ಈ ವ್ಯತ್ಯಾಸದಲ್ಲಿ ಅಡಗಿದೆ. ಮೊದಲ ಪ್ಯಾಕೆಟ್ ಬಂದಾಗ ಸ್ವಿಚ್ಚಿನ ನಿಯಮಪಟ್ಟಿ ಬರಿದು. ಏನು ಮಾಡಬೇಕೆಂದು ಅದು ಕಂಟ್ರೋಲರನ್ನು ಕೇಳುತ್ತದೆ. ಯಾವ ವಿಳಾಸ ಯಾವ ಕಿಂಡಿಯ ಹಿಂದಿದೆಯೆಂದು ಕಂಟ್ರೋಲರ್ ಗುರುತು ಹಾಕಿಕೊಂಡು, ‘ಇಂಥ ಪ್ಯಾಕೆಟ್ ಬಂದರೆ ಇಂಥ ಕಿಂಡಿಯಿಂದ ಬಿಡು’ ಎಂಬ ನಿಯಮವನ್ನು ಸ್ವಿಚ್ಚಿಗೆ ಬರೆದು ಕಳುಹಿಸುತ್ತದೆ. ಆಮೇಲಿನವು ಕೇಳದೆಯೇ ಹಾಯುತ್ತವೆ.

ಆ ನಿಯಮಕ್ಕೆ ಆಯುಸ್ಸೂ ಇದೆ. ಪಾಕ್ಸ್‌ನ ಈ ಭಾಗವನ್ನು ತೆರೆದು ಓದಿದರೆ 10 ಮತ್ತು 30 ಎಂಬ ಎರಡು ಅಂಕಿಗಳು ಸಿಗುತ್ತವೆ. ಹತ್ತು ಸೆಕೆಂಡು ಯಾವ ಪ್ಯಾಕೆಟ್ಟೂ ಬಾರದಿದ್ದರೆ ನಿಯಮ ಅಳಿಯುತ್ತದೆ. ಬರುತ್ತಲೇ ಇದ್ದರೂ ಮೂವತ್ತು ಸೆಕೆಂಡಿಗೆ ಅಳಿಯುತ್ತದೆ. ಪಿಂಗನ್ನು ನಿಲ್ಲಿಸದೆ ಬಿಟ್ಟು ನೋಡುತ್ತ ಕುಳಿತರೆ ಸುಮಾರು ಅರ್ಧ ನಿಮಿಷಕ್ಕೊಮ್ಮೆ ಒಂದು ಉತ್ತರ ತಡವಾಗುವುದು ಕಣ್ಣಿಗೆ ಕಾಣುತ್ತದೆ. 30ನ್ನು 60 ಎಂದು ತಿದ್ದಿ, ಉಳಿಸಿ, ಕಂಟ್ರೋಲರನ್ನು ಮತ್ತೆ ಓಡಿಸಿದರೆ ಆ ತಡವರಿಕೆ ನಿಮಿಷಕ್ಕೊಮ್ಮೆ ಆಗುತ್ತದೆ. ಒಂದು ಅಂಕಿಯನ್ನು ತಿದ್ದಿ ಜಾಲದ ನಡವಳಿಕೆಯನ್ನು ಬದಲಿಸಿದ ವಿದ್ಯಾರ್ಥಿಗೆ, ಮುಚ್ಚಿದ ಪೆಟ್ಟಿಗೆಯ ಗುಂಡಿಗಳನ್ನು ಬಾಯಿಪಾಠ ಮಾಡಿದವನಿಗೆ ತಿಳಿಯದ್ದೊಂದು ತಿಳಿದಿರುತ್ತದೆ. ಮೂರನೆಯ ಕಂಪ್ಯೂಟರಿನ ವಿಳಾಸದಿಂದ ಬಂದದ್ದನ್ನೆಲ್ಲ ತಡೆಯುವ ಎರಡು ಮೂರು ಸಾಲುಗಳನ್ನು ಸೇರಿಸುವುದು ಮುಂದಿನ ಹೆಜ್ಜೆ. ದೊಡ್ಡ ಸಂಸ್ಥೆಗಳ ‘ಫೈರ್‌ವಾಲ್’ ಎಂಬುದರ ಬೀಜವೂ ಅಷ್ಟೇ.

ಇನ್ನೊಂದು ಪ್ರಯೋಗವನ್ನು ತಪ್ಪದೆ ಮಾಡಬೇಕು. ಪಿಂಗ್ ನಡೆಯುತ್ತಿರುವಾಗಲೇ ಕಂಟ್ರೋಲರನ್ನು ನಿಲ್ಲಿಸಿಬಿಡುವುದು. ಮೊದಲು ಏನೂ ಆಗುವುದಿಲ್ಲ, ಏಕೆಂದರೆ ಸ್ವಿಚ್ಚಿನಲ್ಲಿ ಬರೆದ ನಿಯಮವಿನ್ನೂ ಇದೆ. 30 ಎಂಬ ಅಂಕಿಯನ್ನು ತಿದ್ದದೆ ಇದ್ದರೆ ಅರ್ಧ ನಿಮಿಷದೊಳಗೆ ನಿಯಮ ಅಳಿದು, ಕೇಳಲು ಯಾರೂ ಇಲ್ಲದೆ, ಜಾಲವೇ ಮೂಕವಾಗುತ್ತದೆ. ಬುದ್ಧಿಯನ್ನೆಲ್ಲ ಒಂದೆಡೆ ಇಟ್ಟದ್ದರ ಬೆಲೆಯಿದು. ಈ ವಿಷಯದಲ್ಲಿ ರೈಲ್ವೆಯೇ ಹೆಚ್ಚು ಜಾಣ: ಗುಂತಕಲ್ಲಿನ ಕಂಟ್ರೋಲ್ ಫೋನು ಸತ್ತರೂ ಅಕ್ಕಪಕ್ಕದ ಎರಡು ನಿಲ್ದಾಣಗಳವರು ಪರಸ್ಪರ ‘ಲೈನ್ ಕ್ಲಿಯರ್’ ಪಡೆದು ರೈಲನ್ನು ಬಿಡಬಲ್ಲರು. ಓನಾಸ್, ಓಪನ್‌ಡೇಲೈಟುಗಳಲ್ಲಿ ಇದಕ್ಕೆ ಪರಿಹಾರವಾಗಿ ಮೂರು ಕಂಪ್ಯೂಟರುಗಳಲ್ಲಿ ಕಂಟ್ರೋಲರನ್ನು ಒಟ್ಟಿಗೆ ನಡೆಸುತ್ತಾರೆ. ಒಂದು ಬಿದ್ದರೆ ಉಳಿದೆರಡು ಬಹುಮತದಿಂದ ಕೆಲಸ ಮುಂದುವರಿಸುತ್ತವೆ.

ಪಾಕ್ಸ್ ಕೈವಶವಾದ ಮೇಲೆ ಓಪನ್‌ಡೇಲೈಟನ್ನು ಕಟ್ಟಲು ಹೊರಡಬಹುದು. ಇಲ್ಲಿ ಕಟ್ಟುವುದೆಂದರೆ ನಿಜವಾಗಿಯೂ ಕಟ್ಟುವುದೇ. ಜಾವಾದಲ್ಲಿ ಬರೆದ ಮೂಲವನ್ನು ‘ಮೇವನ್’ ಎಂಬ ಸಾಧನವು ಯಂತ್ರಕ್ಕೆ ಒಗ್ಗುವ ರೂಪಕ್ಕೆ ತರುತ್ತದೆ. ಅದಕ್ಕೆ ಬೇಕಾದ ಇತರರ ತುಣುಕುಗಳನ್ನು ಜಾಲದಿಂದ ತಾನೇ ತರಿಸಿಕೊಳ್ಳುತ್ತದೆ. ಮೊದಲ ಸಲ ಈ ತುಣುಕುಗಳೇ ನೂರಾರು ಎಂಬಿ ಆಗುತ್ತವೆ. ಮೊಬೈಲಿನ ದಿನದ ಡೇಟಾ ನೆಚ್ಚಿ ಕುಳಿತರೆ ಕೆಲಸ ನಡುವೆಯೇ ನಿಲ್ಲುವುದು ಖಂಡಿತ. ಮೆಮೊರಿಯೂ ಹೆಚ್ಚು ಬೇಕು. ಜೊತೆಗೆ, ಓಪನ್‌ಡೇಲೈಟಿನ ತುಣುಕುಗಳು ಎಲ್ಲಿ ದೊರೆಯುತ್ತವೆಂದು ತಿಳಿಸುವ ‘ಸೆಟ್ಟಿಂಗ್ಸ್’ ಕಡತವನ್ನು ಮೇವನ್ನಿನ ಕಡತಕೋಶದಲ್ಲಿ ಮೊದಲೇ ಇರಿಸಬೇಕು. ಇದನ್ನು ಮರೆತವರ ಕಟ್ಟಡ ಅಡಿಪಾಯದಲ್ಲಿಯೇ ಕುಸಿಯುತ್ತದೆ. ಕಟ್ಟಿ ಮುಗಿದ ಮೇಲೆ ‘ಕರಾಫ್’ ಎಂಬ ಚೌಕಟ್ಟಿನೊಳಗೆ ಕಂಟ್ರೋಲರ್ ಎದ್ದು ನಿಲ್ಲುತ್ತದೆ. ಆದರೆ ಆಗ ಅದಕ್ಕೆ ಯಾವ ವಿದ್ಯೆಯೂ ಬಾರದು. ಬೇಕಾದ ಸಾಮರ್ಥ್ಯಗಳನ್ನು ಒಂದೊಂದಾಗಿ ಹೆಸರು ಹಿಡಿದು ಸೇರಿಸಬೇಕು.

ಕುಸಿಯುವುದು ಇಲ್ಲಿ ದಿನನಿತ್ಯದ ಮಾತು. ಪರದೆಯ ತುದಿಯಲ್ಲಿ ‘ಬಿಲ್ಡ್ ಫೇಲ್ಯೂರ್’ ಎಂಬ ಎರಡು ಪದಗಳು ಕಂಡೊಡನೆ ಮಕ್ಕಳು ಎದೆಗುಂದುತ್ತಾರೆ. ಆ ಪದಗಳಲ್ಲಿ ಕಾರಣವಿರುವುದಿಲ್ಲ. ಮೇಲಕ್ಕೆ ಹೋಗಿ, ಎಲ್ಲಕ್ಕಿಂತ ಮೊದಲು ‘ಎರರ್’ ಎಂದು ಬಂದ ಸಾಲನ್ನು ಹುಡುಕಬೇಕು. ಅದರ ಕೆಳಗಿನವು ಬಹುಮಟ್ಟಿಗೆ ಅದರದೇ ಪರಿಣಾಮಗಳು. ಕಾರಣಗಳೂ ಅಗಣಿತವಲ್ಲ. ಜಾವಾದ ಆವೃತ್ತಿ ಬಿಡುಗಡೆ ಕೇಳುವ ಆವೃತ್ತಿಗೆ ಹೊಂದದಿರುವುದು ಒಂದು. ತುಣುಕು ಸಿಗದೆ ಹೋದದ್ದು ಇನ್ನೊಂದು, ಅದಕ್ಕೆ ಸಂಪರ್ಕ ಕಡಿದಿರಬಹುದು ಅಥವಾ ಸೆಟ್ಟಿಂಗ್ಸ್ ಕಡತ ತಪ್ಪಿರಬಹುದು. ಮೆಮೊರಿ ಸಾಲದಿರುವುದೂ ಉಂಟು. ಓಡಿಸುವಾಗ ‘ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂಬ ಅರ್ಥದ ಸಾಲು ಬಂದರೆ, ಹಿಂದೆ ಓಡಿಸಿದ ಕಂಟ್ರೋಲರ್ ಇನ್ನೂ ನಿಂತಿಲ್ಲವೆಂದೇ ತಿಳಿಯಬೇಕು. ಸ್ವಿಚ್ಚುಗಳು ಕರೆ ಮಾಡುವ ಬಾಗಿಲಿನ ಸಂಖ್ಯೆ ಹಿಂದೆ 6633 ಇದ್ದದ್ದು ಆಮೇಲೆ ಅಧಿಕೃತವಾಗಿ 6653 ಆಯಿತು. ಒಂದು ಕಡೆ ಹಳೆಯದು, ಇನ್ನೊಂದು ಕಡೆ ಹೊಸದು ಇದ್ದು ಎರಡೂ ಮೌನವಾಗಿ ಕಾಯುತ್ತ ಕುಳಿತರೆ ತಪ್ಪು ಆ ಒಂದು ಅಂಕಿಯದು.

ಈ ಸಾಲುಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ ಎಂಬುದೇ ಕನ್ನಡ ಮಾಧ್ಯಮದ ಮಗುವಿಗೆ ಎದುರಾಗುವ ಗೋಡೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದಂದಿನಿಂದ ಈ ಭಾಗದ ಮನೆಗಳು ಎರಡು ಭಾಷೆಗಳ ನಡುವೆ ಬದುಕಿವೆ; ಹತ್ತನೆಯ ತರಗತಿಯ ಆಚೆಗೆ, ಪಾಲಿಟೆಕ್ನಿಕ್ ಅಥವಾ ಬಿ.ಟೆಕ್ ಎಂದಾಗ, ಮೂರನೆಯದು ಒಮ್ಮೆಲೇ ಎದುರು ನಿಲ್ಲುತ್ತದೆ. ವಿಷಯ ಕಠಿಣವೆಂದು ಹಿಂದೆಗೆದ ಮಗುವಿಗೆ ಎಷ್ಟೋ ವೇಳೆ ಕಠಿಣವಾದದ್ದು ವಿಷಯವಲ್ಲ, ಆ ಒಂದು ಸಾಲಿನ ಇಂಗ್ಲಿಷ್. ತಂತ್ರಾಂಶದ ದೋಷಸೂಚನೆಗಳು ಕಾದಂಬರಿಯ ಇಂಗ್ಲಿಷಲ್ಲ. ಐವತ್ತು ಅರವತ್ತು ಪದಗಳು ತಿರುಗಿ ತಿರುಗಿ ಬರುತ್ತವೆ. ಅವನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥವನ್ನೂ ಮಾಡಿದ ಪರಿಹಾರವನ್ನೂ ಗುರುತು ಹಾಕಿದರೆ, ಮುಂದಿನ ವರ್ಷದ ಮಗುವಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಬೇಡ.

ಇದು ಆಗದ ಮಾತೆನ್ನುವವರು ಕಾಸರಗೋಡಿನ ಕಡೆಗೆ ನೋಡಬೇಕು. ಅದೂ ಕರ್ನಾಟಕದ ಹೊರಗುಳಿದ ಕನ್ನಡನಾಡೇ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿ, 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಗಿ ರೂಪಿಸಿದ ಐಟಿ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಕಂಪ್ಯೂಟರುಗಳು ಲಿನಕ್ಸಿನ ಮೇಲೆಯೇ ನಡೆಯುತ್ತವೆ. ಐಸಿಟಿ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳೊಡನೆ ಕನ್ನಡದಲ್ಲಿಯೂ ಅಚ್ಚಾಗುತ್ತವೆ. ಪೈಥಾನ್, ನೆಟ್‌ವರ್ಕಿಂಗ್ ಇವು ಅಲ್ಲಿ ಪ್ರೌಢಶಾಲೆಯ ಪಾಠಗಳಾಗಿ ಬಂದಿವೆ. ಪೂರ್ವಸಿದ್ಧತೆಗೆ ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯ ಉಚಿತ ಪಾಠಗಳೂ ಇವೆ. ಲಿನಕ್ಸ್ ಮೊದಲಾದ ವಿಷಯಗಳ ವಿವರಣೆಯನ್ನು ಅಲ್ಲಿ ಕನ್ನಡದ ಧ್ವನಿಯಲ್ಲಿಯೇ ಕೇಳಬಹುದು. ಕಂಟ್ರೋಲರುಗಳ ಬಗ್ಗೆ ಪಾಠ ಹುಡುಕುವ ಮೊದಲು ಟರ್ಮಿನಲ್ಲಿನ ಪಾಠ ಮುಗಿದಿರಬೇಕು.

ಪಾಲಕರು ತಿಳಿಯಬೇಕಾದ ಒಂದು ಮಾತು ಉಳಿದಿದೆ. ತೆರೆದ ತಂತ್ರಾಂಶವೆಂದರೆ ಎಂದೆಂದಿಗೂ ಯಾರೋ ನೋಡಿಕೊಳ್ಳುವ ತಂತ್ರಾಂಶವಲ್ಲ. ಹಲವು ವರ್ಷ ಕಾಲೇಜುಗಳ ಅಚ್ಚುಮೆಚ್ಚಾಗಿದ್ದ ರ‍್ಯೂ, ನೋಡಿಕೊಳ್ಳುವ ಹೊಸಬರಿಲ್ಲದೆ ನಿಂತಿತು. ಅದರ ಸಂಕೇತವನ್ನು ಎತ್ತಿಕೊಂಡ ಓಪನ್‌ಸ್ಟ್ಯಾಕ್ ಬಳಗ ‘ಓಎಸ್-ಕೆನ್’ ಎಂಬ ಬೇರೆ ಹೆಸರಿನಲ್ಲಿ ಮುಂದುವರಿಸಿತು. ಓಪನ್‌ಫ್ಲೋ ಕೂಡ ಹಿಂದಿನಷ್ಟು ಸದ್ದು ಮಾಡುತ್ತಿಲ್ಲ. ಆದುದರಿಂದ ‘ಈ ಕೋರ್ಸ್ ಮುಗಿಸಿದರೆ ಕೆಲಸ ಖಚಿತ’ ಎಂದು ಹಣ ಕೇಳುವ ತರಬೇತಿ ಕೇಂದ್ರಗಳ ಮಾತನ್ನು ನಂಬಬೇಕಾಗಿಲ್ಲ. ಉಚಿತವಾಗಿ ಸಿಗುವುದನ್ನೇ ಬೇಸಿಗೆಯ ರಜೆಯಲ್ಲಿ ಕಟ್ಟಿ ಓಡಿಸಿದ ಮಗುವಿಗೆ, ಮುಂದೆ ಯಾವ ಹೆಸರಿನ ಕಂಟ್ರೋಲರ್ ಬಂದರೂ ಅದರೊಳಗೆ ಯಾವ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕೆಂಬುದು ತಿಳಿದಿರುತ್ತದೆ.

ಪೈಥಾನ್ 3ರಲ್ಲಿ ಕನ್ನಡಕ್ಕೂ ಅವಕಾಶವಿದೆಯೆಂಬುದು ಅನೇಕರಿಗೆ ತಿಳಿಯದು. ಭಾಷೆಯ ಸ್ವಂತ ಆದೇಶಪದಗಳು ಇಂಗ್ಲಿಷಿನವೇ ಆದರೂ, ಬರೆಯುವವನು ತಾನು ಕೊಡುವ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದು. ಕಿಂಡಿಯ ಸಂಖ್ಯೆಗೆ ‘ಬಾಗಿಲು’ ಎಂದೂ ನಿಯಮದ ಆಯುಸ್ಸಿಗೆ ‘ಅವಧಿ’ ಎಂದೂ ಹೆಸರಿಟ್ಟರೆ ಕಂಟ್ರೋಲರ್ ತಕರಾರಿಲ್ಲದೆ ಓಡುತ್ತದೆ. ಒಂದು ಎಚ್ಚರ ಬೇಕು. ‘ಪ್ಯಾಕೆಟ್‌ಗಳು’ ಎಂಬಂತಹ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಯಾಗಿ ತೋರಿಸಲು ಕಂಪ್ಯೂಟರ್ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸಿರುತ್ತದೆ. ಅದನ್ನು ಪೈಥಾನ್ ಒಪ್ಪುವುದಿಲ್ಲ. ‘ಪ್ಯಾಕೆಟ್ಟು’ ಎಂದು ಆದವಾನಿಯ ಮನೆಮಾತಿನಂತೆ ಬರೆದರೆ ಒಪ್ಪುತ್ತದೆ.